ದೀಪ ಹತ್ತದ ಸಿಂಹಾಸನ

ದಾರದ ತುದಿ ಕತ್ತರಿಗೆ ಸಿಗದೆ ಜಾರಿತು, ಜೀನ್ಸಿನ ಹೊಲಿಗೆಯೇ ಹೀಗೆ, ಇನ್ನೂ ಇಪ್ಪತ್ತು ಪ್ಯಾಂಟಿನ ದಾರ ಕತ್ತರಿಸಿ ಸಂಜೆಗೆ ಗಾರ್ಮೆಂಟ್ಸಿಗೆ ಕಳಿಸಬೇಕು, ಕುಕ್ಕರ್ ಎರಡು ಸಲ ಕೂಗಿತೋ ಮೂರೋ, ಐದು ಗಂಟೆಗೆ ಕಥೆಯ ಕೊನೆಯ ಕಂತು ಹಾಕುತ್ತೇನೆಂದು ಬಸವರಾಜೇಶ್ವರಿಯೇ ಓದುಗರಿಗೆ ಮಾತು ಕೊಟ್ಟಿದ್ದಾಳೆ, ಫೋನಿನ ಕಥೆಯೊಳಗೆ ತಾರಿಣಿ ಬೆಳಗಿನಿಂದ ಖಾಲಿ ಸಿಂಹಾಸನದ ಮುಂದೆ ನಿಂತೇ ಇದ್ದಾಳೆ, ಪಾಪ, ಕಾಲು ನೋಯುತ್ತಿರಬೇಕು — ತೀರಿಹೋದ ರಾಣಿ ಸಾಕಿದ ಮಗಳು, ಎದುರಿಗೆ ರಾಣಿ ಹೆತ್ತ ಅರಿಂಜಯ, ಯಾರು ಕೂತರೆ ಮೇಲಿನ ದೀಪ ತಾನಾಗಿ ಹತ್ತುವುದೋ ಅವರದೇ ರಾಜ್ಯ, ಅದು ಹತ್ತುವುದು ರಾಣಿಯ ರಕ್ತಕ್ಕೆ ಮಾತ್ರ, ಇದನ್ನು ಮೂರನೆಯ ಕಂತಿನಲ್ಲಿ ಬರೆದವರು ಯಾರು, ತಾನೇ, ಒಂದು ಕೈಯಲ್ಲಿ ಒಗ್ಗರಣೆ ಹಾಕುತ್ತ, ಚೆಂದ ಕಾಣುತ್ತದೆಂದು. ಆಗ ಮಗಳು ವಿಜಿಗೆ ಏನೂ ಗೊತ್ತಿರಲಿಲ್ಲ. ಎರಡು ತಿಂಗಳ ಕೂಸನ್ನು ಅನಂತಪುರದಿಂದ ದತ್ತು ತಂದದ್ದು, ಬಸ್ಸಿನಲ್ಲಿ ರಾಯದುರ್ಗದವರೆಗೂ ಅದು ತನ್ನ ಹೆಬ್ಬೆರಳು ಬಿಡಲಿಲ್ಲ, ಹೇಳೋಣ ಹೇಳೋಣ ಎನ್ನುತ್ತಲೇ ಹದಿಮೂರು ವರ್ಷ, ಆಮೇಲೆ ಹುಟ್ಟಿದ ವಾಗೀಶನಿಗೆ ಹೋದ ತಿಂಗಳು ಲಿಂಗ ಕಟ್ಟಿಸುವ ದಿನ ಅಕ್ಕ ತಮ್ಮ ಒಂದೇ ಮಣೆಯ ಮೇಲೆ ಕೂತಿದ್ದರು, ಗಂಡನ ಸೋದರತ್ತೆ ನಾಗಕ್ಕತ್ತೆ ಬಂದಳು, ಏ ಹುಡುಗಿ ಎದ್ದೇಳು, ಹೊಟ್ಟ್ಯಾಗ ಹುಟ್ಟಿದಾತ ಕುಂದರ್ಲಿ, ತಂದಾಕಿಗೆ ಯಾಕ ಮಣಿ. ವಿಜಿ ಎದ್ದಳು. ಗಂಡ ಚಂದ್ರಶೇಖರಯ್ಯ ಹೊರಗಿನಿಂದ ಓಡಿ ಬಂದ, ಮಠದ ಪಟ್ಟಕ್ಕ ಮರಿಸ್ವಾಮಿನ ಆರಿಸೋವಾಗ ಯಾರ ಹೊಟ್ಟಿ ಅಂತ ಕೇಳ್ತಾರೇನತ್ತಿ, ಒಳ್ಳೆಯ ಮಾತೇ, ಆದರೆ ಹುಡುಗಿ ಆಗಲೇ ಗೋಡೆಗೆ ಒರಗಿದ್ದಳು, ತಾನು? ತಾನು ಪಾಯಸದ ಸೌಟು ಹಿಡಿದು ನಿಂತೇ ಇದ್ದಳು.

ಅಂದಿನಿಂದ ವಿಜಿಗೆ ಮಾತು ಕಡಿಮೆ, ಕಂತು ಮಾತ್ರ ಎಲ್ಲರಿಗಿಂತ ಮೊದಲು ಓದುತ್ತಾಳೆ, ದೀಪ ಹತ್ತಿಸಿಬಿಡಲೇ, ಸಾಕುತ್ತ ಸಾಕುತ್ತ ರಕ್ತವೂ ಒಂದೇ ಆಯಿತೆಂದು — ಬರೆದೇಬಿಟ್ಟಳು, ಸಭೆಯೆಲ್ಲ ಬೆಳಕು, ಹೆಗಲ ಮೇಲೆ ಬಿಸಿ ಉಸಿರು, ವಿಜಿ ಸ್ಕೂಲಿನಿಂದ ಯಾವಾಗ ಬಂದಳೋ, ಇದೇನವ್ವ, ರಕ್ತಕ್ಕಷ್ಟ ಹತ್ತತೈತಿ ಅಂತ ನೀನ ಬರ್ದೀಯಲ್ಲ, ಹೌದವ್ವ ಆದ್ರ, ಆದ್ರ ಗೀದ್ರ ಇಲ್ಲ, ನಾ ಅಳ್ತೀನಂತ ಸುಳ್ಳು ದೀಪ ಹಚ್ಚಬ್ಯಾಡ, ಓದೋರು ನಗ್ತಾರ, ಅಳಿಸು. ಅಳಿಸಿದಳು. ಹುಡುಗಿ ಹೋಗಲಿಲ್ಲ, ಒಂದು ಪ್ಯಾಂಟು ಎಳೆದುಕೊಂಡು ದಾರ ಕತ್ತರಿಸುತ್ತ ನಿಂತಳು, ಮತ್ತ ಆಕಿ ಏನ್ ಮಾಡ್ತಾಳ. ಬಸವರಾಜೇಶ್ವರಿ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು, ಕುಂದ್ರವ್ವ, ಎಂದಳು, ಎಷ್ಟು ಸಣ್ಣ ಮಾತು, ಅವತ್ತು ಎಲ್ಲಿ ಹೋಗಿತ್ತು, ನಿಂತೇ ಮಾಡ್ತೀನಿ ಬಿಡು, ನೀ ಬರಿ, ಎಂದಳು ವಿಜಿ, ಬೆರಳು ಬರೆಯುತ್ತದೆ, ತಾರಿಣಿ ಮೆಟ್ಟಿಲು ಹತ್ತಿದಳು, ಕೂತಳು, ದೀಪ ಹತ್ತಲಿಲ್ಲ, ಎದ್ದೇಳು ಎಂದಿತು ಸಭೆ, ಅರಿಂಜಯ ಏನೆನ್ನಬೇಕು, ಹೊಳೆಯುತ್ತಿಲ್ಲ, ಕುಕ್ಕರ್ ಮತ್ತೆ ಕೂಗುತ್ತಿದೆ, ಕಿವಿಯ ಹತ್ತಿರ ಕತ್ತರಿಯ ಸದ್ದು ನಿಂತಿದೆ, ವಿಜಿ ಓದುತ್ತಿದ್ದಾಳೆ, ಮುಂದಿನ ಸಾಲು, ಮುಂದಿನ ಸಾಲು ಯಾವುದು, ಹತ್ತದ ದೀಪ, ಅದರ ಕೆಳಗೆ ಕತ್ತಲಲ್ಲಿ ಹುಡುಗಿ, ಎದ್ದೇಳು ಎಂದರು, ಹುಡುಗಿ ಏಳಲಿಲ್ಲ, ದೀಪ ಹತ್ತಲಿಲ್ಲ, ಹುಡುಗಿ ಏಳಲಿಲ್ಲ