ತಗಡಿನ ಮೇಲಿನ ಕಲ್ಲು

ನಾನೊಂದು ತಗಡು. ಮನೆಯ ಮೇಲೆ ಹೊದಿಸುತ್ತಾರಲ್ಲ, ಅಲೆಅಲೆಯಾಗಿರುವ ತಗಡು, ಅದೇ. ಬಿಸಿಲು ಬಿದ್ದರೆ ಬೇಗ ಕಾಯುತ್ತೇನೆ, ಮಳೆ ಬಿದ್ದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತೇನೆ. ಸಮಾಧಾನ ನನ್ನ ಹುಟ್ಟಿನಲ್ಲೇ ಇಲ್ಲ. ಕುದಿಯುವ ಸತುವಿನಲ್ಲಿ ಅದ್ದಿ ಎತ್ತಿ, ಎರಡು ಉರುಳೆಗಳ ನಡುವೆ ಹಿಚುಕಿ, ಮೈತುಂಬ ಏಣು ಮತ್ತು ಕಾಲುವೆ ಮೂಡಿಸಿ ನನ್ನನ್ನು ಹೊರಗೆ ತಳ್ಳಿದರು. ಹೀಗೆ ಹುಟ್ಟಿದವರಿಂದ ನಯವಾದ ಮಾತು ಬಯಸಬೇಡಿ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ನನ್ನ ತಪ್ಪನ್ನೂ ಹೇಳುತ್ತೇನೆ.

ನನ್ನ ಮೊದಲ ಯಜಮಾನ ಖಾಜಾಸಾಬ. ಯಾದಗಿರಿಯ ಕಡೆ ಹೆದ್ದಾರಿಯ ಪಕ್ಕದಲ್ಲಿ ಅವನದೊಂದು ಚಹಾದ ಅಂಗಡಿ. ಕಬ್ಬಿಣದ ಕಂಬಗಳನ್ನು ಕಾಂಕ್ರೀಟಿನಲ್ಲಿ ಹೂತು, ಅಡ್ಡಪೈಪುಗಳನ್ನು ಬೆಸೆದು, ಅದರ ಮೇಲೆ ನಮ್ಮನ್ನು ಎಂಟು ಜನರನ್ನು ಮಲಗಿಸಿದ. ಆಮೇಲೆ ಮೊಳೆ ಸುತ್ತಿಗೆ ಹಿಡಿದು ನನ್ನ ಮೈಗೆ ಆರು ತೂತು ಹೊಡೆದ. ಕಾಲುವೆಯಲ್ಲಿ ಹೊಡೆದರೆ ನೀರು ಸೋರುತ್ತದೆಂದು ಏಣಿನ ಮೇಲೇ ಹೊಡೆದ. ಒಂದೊಂದು ತೂತಿಗೂ ಬಾಗಿದ ಕಬ್ಬಿಣದ ಹುಕ್ಕು ಇಳಿಸಿ, ರಬ್ಬರಿನ ಬಿಲ್ಲೆ ಕೂರಿಸಿ, ನಟ್ಟು ಬಿಗಿದ. ನೋವಾಯಿತು, ಬೈದುಕೊಂಡೆ. ಎರಡನೆಯ ವರ್ಷ ಬೇಸಿಗೆಯ ಗಾಳಿ ಬಂದು ರಸ್ತೆಯ ಕರೆಂಟು ಕಂಬಗಳನ್ನು ಸಾಲಾಗಿ ಬಾಗಿಸಿತು, ಪಕ್ಕದ ಪಂಚರ್ ಅಂಗಡಿಯ ಮಾಡು ಹೊಲಕ್ಕೆ ಹೋಯಿತು. ನಾನು ಗುಂಯ್ ಎಂದೆನೇ ಹೊರತು ಅಲುಗಲಿಲ್ಲ. ಗಾಳಿ ನಿಂತ ಮೇಲೆ ಖಾಜಾಸಾಬ ಒಲೆ ಕೆದಕುವ ಕೋಲಿನಿಂದ ನನ್ನನ್ನು ಕೆಳಗಿನಿಂದ ತಟ್ಟಿ, "ಶಾಬಾಸ್ ಬೇಟಾ" ಎಂದ. ಬದುಕಿನಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ರಸ್ತೆ ಅಗಲ ಮಾಡುತ್ತೇವೆಂದು ಸರ್ಕಾರದವರು ಅಂಗಡಿ ಕೀಳಿಸಿದರು. ಆ ಹೊತ್ತಿಗೆ ಖಾಜಾಸಾಬನ ಮನೆಯ ನೆಲಕ್ಕೆ ಫರ್ಸಿ ಕಲ್ಲು ಹಾಸುತ್ತಿದ್ದವನು ಮಾಪಣ್ಣ. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಆಳು, ತೋಳು ನೋಡಿದರೆ ಅವೂ ಕಲ್ಲೇ. ಹೆಂಡತಿಯನ್ನು ಕರೆತಂದು ಹೊಸ ಮನೆ ಕಟ್ಟುತ್ತಿದ್ದ. ಫರ್ಸಿ ಹಾಸಿದ ಕೂಲಿಗೆ ಬದಲು ನಮ್ಮ ಎಂಟೂ ಜನರನ್ನು ಒಪ್ಪಿಕೊಂಡು ಟ್ರ್ಯಾಕ್ಟರಿಗೆ ಹೇರಿದ.

"ಮಾಪಣ್ಣ, ಇವಕ್ಕ ತೂತ ಅದಾವ ನೋಡು" ಎಂದ ಖಾಜಾಸಾಬ. "ಅವೇ ತೂತಿಗಿ ಹುಕ್ಕ ಹಾಕು. ಪೈಪ ಗ್ವಾಡಿಯೊಳಗ ಹೂಳು. ಮ್ಯಾಲ ಕಲ್ಲ ಹೇರಬ್ಯಾಡ."

"ಖಾಜಾಮಾಮ, ಹದಿನೈದ ವರ್ಷ ಆತು ಕಲ್ಲ ಒಡೀಲಾಕತ್ತು. ಕಲ್ಲಿನ ಮಾತ ನನಗ ಹೇಳ್ತಿ?"

"ಕಲ್ಲಿನ ಮಾತಲ್ಲೋ ಮಾರಾಯ, ಗಾಳಿ ಮಾತ ಹೇಳ್ಲಾಕತ್ತೀನಿ."

ಮಾಪಣ್ಣ ನಕ್ಕು ಟ್ರ್ಯಾಕ್ಟರ್ ಹತ್ತಿದ. ಖಾಜಾಸಾಬನನ್ನು ನಾನು ಮತ್ತೆ ನೋಡಲಿಲ್ಲ.

ಮಾಪಣ್ಣನ ಊರಿನಲ್ಲಿ ಎಲ್ಲರೂ ಗಣಿಯವರೇ. ಅಲ್ಲಿ ತಗಡಿಗೆ ಹುಕ್ಕು ಹಾಕಿದವರು ಯಾರೂ ಇರಲಿಲ್ಲ. ಗೋಡೆಯ ಮೇಲೆ ಪೈಪು ಇಡುವುದು, ಪೈಪಿನ ಮೇಲೆ ತಗಡು ಹಾಸುವುದು, ತಗಡಿನ ಮೇಲೆ ಕಲ್ಲು ಹೇರುವುದು, ಅಷ್ಟೇ. ಯಾರ ಮಾಡಿನ ಮೇಲೆ ಕಲ್ಲು ಹೆಚ್ಚೋ ಅವನು ಸಂಸಾರ ನೋಡಿಕೊಳ್ಳುವ ಗಂಡಸು ಎಂಬ ಲೆಕ್ಕ. ಮಾಪಣ್ಣ ನಮ್ಮ ಮೇಲೆ ಹದಿನೆಂಟು ಕಲ್ಲು ಇಟ್ಟ. ನನ್ನ ಪಾಲಿಗೆ ಬಂದವು ಎರಡು, ಅದರಲ್ಲಿ ಒಂದು ರುಬ್ಬುವ ಕಲ್ಲಿನಷ್ಟು ದಪ್ಪ. ಖಾಜಾಸಾಬನ ತೂತುಗಳಲ್ಲಿ ಬರೀ ತಂತಿ ತೂರಿಸಿ ನನ್ನನ್ನು ಪೈಪಿಗೆ ಕಟ್ಟಿದ. ಪೈಪನ್ನು ಮಾತ್ರ ಯಾವುದಕ್ಕೂ ಕಟ್ಟಲಿಲ್ಲ, ಅದು ಗೋಡೆಯ ಮೇಲೆ ಸುಮ್ಮನೆ ಕೂತಿತ್ತು.

ಒಂಬತ್ತು ವರ್ಷ ಆ ಕಲ್ಲುಗಳನ್ನು ಹೊತ್ತೆ. ನನಗೆ ಅವುಗಳ ಮೇಲೆ ಕೆಟ್ಟ ಸಿಟ್ಟು.

ಮನೆಯಲ್ಲಿ ಮೂರು ಜನ. ಮಾಪಣ್ಣ, ಹೆಂಡತಿ ಸಾಬಮ್ಮ, ತಾಯಿ ದ್ಯಾವಮ್ಮ. ದ್ಯಾವಮ್ಮ ಜೋಳದ ದಂಟಿನಂಥ ಮುದುಕಿ, ಬಾಯಿ ಮಾತ್ರ ಕುಡುಗೋಲು. ಸಾಬಮ್ಮನ ಮೊದಲಿನ ಎರಡು ಬಸಿರು ನಿಲ್ಲಲಿಲ್ಲ. ಎರಡು ಸಲವೂ ಅವಳು ನನ್ನ ಕೆಳಗೆ ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ಆ ನೋಟ ತಡೆಯಲಾಗುತ್ತಿರಲಿಲ್ಲ. ಒಂಬತ್ತನೆಯ ವರ್ಷ, ಶಿವರಾತ್ರಿಯ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಭಾಗಮ್ಮ ಎಂದು ಹೆಸರಿಟ್ಟರು.

ಕೂಸು ಹುಟ್ಟಿದ ವರ್ಷದ ಬಿಸಿಲನ್ನು ನಾನು ಮರೆಯುವುದಿಲ್ಲ. ಮೊದಲೆಲ್ಲ ಯುಗಾದಿ ದಾಟಿದ ಮೇಲೆ ನಾನು ಕಾಯುತ್ತಿದ್ದೆ. ಆ ವರ್ಷ ಯುಗಾದಿಗೆ ಮೊದಲೇ ನನ್ನ ಮೇಲೆ ಇಳಿದ ಕಾಗೆ ಕಾಲು ಸುಟ್ಟುಕೊಂಡು ಹಾರಿತು. ದ್ಯಾವಮ್ಮ ಹಾಕಿದ ಸಂಡಿಗೆ ಅರ್ಧ ತಾಸಿನಲ್ಲಿ ಒಣಗಿ ಸೀಳಿತು. ಸಾಬಮ್ಮ ನನ್ನ ಮೇಲೆ ತೊಗರಿಕಟ್ಟಿಗೆ ಹರಡಿದಳು, ಒದ್ದೆ ಗೋಣಿಚೀಲ ಹಾಸಿದಳು, ಕೊಡಗಟ್ಟಲೆ ನೀರು ಸುರಿದಳು. ನೀರು ಚುರ್ ಎಂದು ಹಬೆಯಾಗಿ ಹೋಗುತ್ತಿತ್ತು. ಕೆಳಗೆ ಕೂಸಿನ ಮೈತುಂಬ ಬೆವರುಸಾಲೆ.

ಬೇರೆ ಕಡೆಯ ಸುದ್ದಿಯೂ ಬರುತ್ತಿತ್ತು. ಮಾಪಣ್ಣ ಮೊಬೈಲಿನಲ್ಲಿ ನೋಡಿ ಓದಿ ಹೇಳುತ್ತಿದ್ದ. ಯಾವುದೋ ದೇಶದಲ್ಲಿ ಮರಳುಗಾಡಿಗೆ ಪ್ರವಾಹ ಬಂದಿದೆಯಂತೆ, ಇನ್ನೊಂದು ಕಡೆ ಹಿಮದ ಊರಿನಲ್ಲಿ ಕಾಡಿಗೆ ಬೆಂಕಿ ಬಿದ್ದಿದೆಯಂತೆ.

"ಮರಳುಗಾಡಿಗಿ ನೀರು ಬಂತಾ?" ಎಂದಳು ದ್ಯಾವಮ್ಮ. "ಒಂಟಿಗಿ ಈಸ ಬರ್ತದೇನೋ ಮಾಪ?"

"ನನಗೇನ್ ಗೊತ್ತಬೇ."

"ನಿನಗ ಕಲ್ಲ ಒಂದ ಗೊತ್ತ."

ಕೂಸಿಗೆ ಸ್ವಲ್ಪ ಗಾಳಿಯಾಡಲೆಂದು ಸಾಬಮ್ಮ ಹಳೇ ಸೀರೆಯ ಜೋಲಿ ಕಟ್ಟಿದಳು. ಬಾಗಿಲಿಗೆ ಎದುರಾಗಿ, ನನ್ನ ಕೆಳಗಿನ ಪೈಪಿಗೇ ಕಟ್ಟಿದಳು. ಆ ಊರಿನಲ್ಲಿ ಎಲ್ಲರೂ ಜೋಲಿ ಕಟ್ಟುವುದು ಅಲ್ಲೇ. ನನ್ನ ಎರಡು ತೂತುಗಳಲ್ಲಿ ತಂತಿ ಇರಲಿಲ್ಲ. ಅವುಗಳಿಂದ ಬಿಸಿಲು ಇಳಿದು ಕೂಸಿನ ಹೊಟ್ಟೆಯ ಮೇಲೆ ಎರಡು ಬಿಲ್ಲೆಯಾಗಿ ಬೀಳುತ್ತಿತ್ತು. ಜೋಲಿ ತೂಗಿದರೆ ಬಿಲ್ಲೆಗಳು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ ಓಡುತ್ತಿದ್ದವು. ಕೂಸು ಅವನ್ನು ಹಿಡಿಯಲು ಕೈ ಮುಚ್ಚಿ ತೆರೆಯುತ್ತಿತ್ತು. ಅದನ್ನು ನೋಡುತ್ತಿದ್ದಷ್ಟು ಹೊತ್ತು ನನಗೆ ಕಲ್ಲಿನ ಭಾರ ನೆನಪಾಗುತ್ತಿರಲಿಲ್ಲ.

ಚೈತ್ರದ ಕೊನೆಯಲ್ಲಿ ಒಂದು ಸಂಜೆ ಗಾಳಿ ಎದ್ದಿತು. ಹಿಂದಿನ ಓಣಿಯ ಚನ್ನಬಸುವಿನ ಮಾಡಿನಿಂದ ಕಲ್ಲು ಉರುಳಿ ಅವನ ಹೆಗಲು ಮುರಿಯಿತು. ಮರುದಿನ ಸಾಬಮ್ಮ ಜೋಲಿ ತೂಗುತ್ತ ಮೇಲೆ ನೋಡಿದಳು. ನನ್ನನ್ನಲ್ಲ, ನನ್ನ ಮೈ ಎಲ್ಲಿ ಕೆಳಕ್ಕೆ ಬಾಗಿದೆಯೋ ಆ ಜಾಗವನ್ನು ನೋಡಿದಳು.

"ಇವ ಎರಡ ಕಲ್ಲ ತಗೀರಿ" ಎಂದಳು ಗಂಡನಿಗೆ.

"ತಗದ್ರ ತಗಡ ಹಾರ್ತದ."

"ಕೂಸಿನ ನೆತ್ತಿ ಮ್ಯಾಲೇ ಅದಾವ."

"ಒಂಬತ್ತ ವರ್ಷ ಬಿದ್ದಾವೇನು? ನಾ ಇಟ್ಟ ಕಲ್ಲ ಅವು."

"ಹಂಗಾದ್ರ ಹುಕ್ಕರ ಹಾಕಸ್ರಿ."

"ಹಾಕಸ್ತೀನಿ, ನಾಳಿ."

"ನಿಮ್ಮಪ್ಪನೂ ಹಿಂಗೇ" ಎಂದಳು ದ್ಯಾವಮ್ಮ ಒಲೆಯ ಮುಂದಿನಿಂದ. "ಬಾವಿ ಕಟ್ಟಿ ನಾಳಿ ಕಟ್ಟತೀನಿ ನಾಳಿ ಕಟ್ಟತೀನಿ ಅಂದಾ. ಎಮ್ಮಿ ಬಿದ್ದ ಮ್ಯಾಲ ಕಟ್ಟಿದಾ."

ಹನ್ನೊಂದು ದಿನ ಅದೇ ಮಾತು, ಅದೇ ನಾಳೆ. ಹನ್ನೆರಡನೆಯ ದಿನ ಮಾಪಣ್ಣ ಗಣಿಗೆ ಹೋದ ಮೇಲೆ ಸಾಬಮ್ಮ ಸೀರೆ ಕಚ್ಚೆ ಕಟ್ಟಿ ನಿಚ್ಚಣಿಕೆ ಹತ್ತಿದಳು. ಬೆಳಗಿನ ಹೊತ್ತೇ ನಾನು ಕಾದಿದ್ದೆ, ಅವಳ ಮೊಣಕಾಲು ಸುಟ್ಟಿರಬೇಕು. ಹಲ್ಲು ಕಚ್ಚಿ ಎರಡೂ ಕಲ್ಲುಗಳನ್ನು ಉರುಳಿಸಿ ಹಿತ್ತಲಿಗೆ ಬೀಳಿಸಿದಳು.

ಈಗ ನನ್ನ ತಪ್ಪು ಹೇಳುತ್ತೇನೆ. ಕಲ್ಲು ಇಳಿದ ಕೂಡಲೇ ನನ್ನ ಮೈ ಟಣ್ ಎಂದು ನೆಟ್ಟಗಾಯಿತು. ಒಂಬತ್ತು ವರ್ಷದ ಮೇಲೆ ಉಸಿರು ಬಿಟ್ಟೆ. ಖುಷಿಯಾಯಿತು. ಜೋಲಿ ಕಟ್ಟಿದ್ದು ನನ್ನ ಪೈಪಿಗೆ, ಪೈಪು ಕಟ್ಟಿದ್ದು ಯಾವುದಕ್ಕೂ ಇಲ್ಲ. ಇದು ಏನು ಮಾಡೀತೆಂದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ ಖುಷಿಯಾಯಿತು.

ಅದಾದ ಮೂರನೆಯ ದಿನ ಎಲೆ ಅಲುಗಲಿಲ್ಲ. ನಾಯಿಗಳು ಬಚ್ಚಲ ಕೆಸರಿನಲ್ಲಿ ಮಲಗಿದ್ದವು. ನಾಲ್ಕು ಗಂಟೆಗೆ ಪಡುವಣ ದಿಕ್ಕು ಕೆಂಪಾಯಿತು. ಮೋಡವೆಂದುಕೊಂಡೆ. ಅದು ಮೋಡವಲ್ಲ, ಎದ್ದು ನಿಂತ ನೆಲ. ಗಣಿಗಳ ದೂಳು, ಹೊಲಗಳ ದೂಳು ಎಲ್ಲ ಸೇರಿ ಗೋಡೆಯಂತೆ ಬಂತು. ಮೊದಲ ಏಟಿಗೇ ಊರು ಕಾಣದಾಯಿತು. ಅದರ ಹಿಂದೆಯೇ ಆಣಿಕಲ್ಲು. ಮೊದಲು ಗೋಲಿಯಷ್ಟು, ಆಮೇಲೆ ನಿಂಬೆಹಣ್ಣಿನಷ್ಟು. ಸುಡುತ್ತಿದ್ದ ನನ್ನ ಮೈಮೇಲೆ ಮಂಜುಗಡ್ಡೆ ಬಡಿದಾಗ ನಾನು ಕೂಗಿದ ಕೂಗಿಗೆ ಮನೆಯೊಳಗಿನ ಮಾತು ಒಂದೂ ಕೇಳಲಿಲ್ಲ.

ಸಾಬಮ್ಮ ಹಿತ್ತಲಿನಲ್ಲಿ ಆಡು ಬಿಚ್ಚಲು ಹೋಗಿದ್ದಳು. ಮನೆಯೊಳಗೆ ಅತ್ತೆ, ಜೋಲಿಯಲ್ಲಿ ಕೂಸು. ಆಣಿಕಲ್ಲು ಬಿದ್ದರೆ ಅಂಗಳಕ್ಕೆ ಒನಕೆ ಎಸೆಯಬೇಕು, ಆಗ ನಿಲ್ಲುತ್ತದೆ ಎಂಬುದು ದ್ಯಾವಮ್ಮನ ಕಾಲದವರ ನಂಬಿಕೆ. ಮುದುಕಿ ಒನಕೆ ಎತ್ತಿಕೊಂಡು ಬಾಗಿಲು ತೆರೆದಳು.

ತೆರೆದ ಬಾಗಿಲಿನಿಂದ ಗಾಳಿ ಒಳಗೆ ನುಗ್ಗಿತು. ಒಳಗೆ ಹೋದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕಲ್ಲ. ಅದು ನನ್ನ ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಿತು. ನಾನು ಎದ್ದೆ. ನನ್ನ ಜೊತೆ ಪೈಪು ಎದ್ದಿತು. ಪೈಪಿನ ಜೊತೆ ಜೋಲಿ ಎದ್ದಿತು.

ದ್ಯಾವಮ್ಮ ತಿರುಗಿ ನೋಡಿದಳು. ಒನಕೆ ಬಿಟ್ಟು ಓಡಿಬಂದು ಜೋಲಿಗೆ ಜೋತುಬಿದ್ದಳು. ಹಿಡಿಜೋಳದಷ್ಟು ಭಾರವೂ ಇಲ್ಲದ ಮುದುಕಿ, ಎರಡೂ ಕೈಯಿಂದ ಸೀರೆಯನ್ನು ತಬ್ಬಿ, ಕಾಲು ನೆಲಬಿಟ್ಟರೂ ಕೈ ಬಿಡಲಿಲ್ಲ. ನಾನು ಮೇಲಕ್ಕೆ ಎಳೆದೆ, ಅವಳು ಕೆಳಕ್ಕೆ ಎಳೆದಳು. ಗಾಳಿ ನನ್ನನ್ನು ಎತ್ತುತ್ತಿತ್ತು ಎಂದು ಹೇಳಿಕೊಳ್ಳಬಹುದು. ನಿಜವೇ. ಆದರೆ ಮೊದಲ ಗಳಿಗೆಯಲ್ಲಿ ನನ್ನ ಮೈಗೂ ಹಾರುವ ಆಸೆ ಇತ್ತು. ಕೂಸಿನ ಕಿರುಚಾಟ ಕೇಳಿದ ಮೇಲೆ ಇಳಿಯಬೇಕೆಂದುಕೊಂಡೆ. ಇಳಿಯುವುದು ತಗಡಿನ ಕೈಯಲ್ಲಿಲ್ಲ.

ಆಗ ಪಕ್ಕದ ತಗಡು ಓರೆಯಾಯಿತು. ಅದರ ಮೇಲಿನ ಕಲ್ಲು ಜಾರಿತು. ಮಾಪಣ್ಣ ತಾನೇ ಒಡೆದು, ತಾನೇ ಹೊತ್ತು ತಂದು ಇಟ್ಟ ಕಲ್ಲು. ಅದು ದ್ಯಾವಮ್ಮನ ಬೆನ್ನಿಗೆ ಬಡಿದ ಸದ್ದು ಕೇಳಿದೆ. ಅದೇ ಹೊತ್ತಿಗೆ ನನ್ನ ಏಣಿನ ತೂತುಗಳು ಪರ್ ಎಂದು ಹರಿದವು. ತಂತಿಯ ಸಮೇತ ಪೈಪು ಕೆಳಗೆ ಹೋಯಿತು. ನಾನೊಬ್ಬನೇ ಹಾರಿಹೋದೆ.

ಹಾರುವುದು ಸುಖವೆಂದು ಹಕ್ಕಿ ಹೇಳಿದರೆ ಕೇಳಿ, ನನ್ನನ್ನು ಕೇಳಬೇಡಿ. ಅರ್ಧ ಮೈಲಿ ಆಚೆ ಒಂದು ಬೇವಿನ ಮರಕ್ಕೆ ಬಡಿದು, ಹತ್ತಿಯ ಹೊಲದ ಬದುವಿನಲ್ಲಿ ಬಿದ್ದೆ. ಆಣಿಕಲ್ಲು ಕರಗಿತು. ದೂಳು ಇಳಿಯಿತು. ಕೂಸು ಏನಾಯಿತೋ ಗೊತ್ತಿರಲಿಲ್ಲ. ಐದು ದಿನ ಅಲ್ಲೇ ಬಿದ್ದಿದ್ದೆ. ಮೇಲೆ ಒಂದು ಕಲ್ಲೂ ಇರಲಿಲ್ಲ. ಅಷ್ಟು ಭಾರ ನಾನು ಯಾವತ್ತೂ ಹೊತ್ತಿರಲಿಲ್ಲ.

ಆರನೆಯ ದಿನ ಮಾಪಣ್ಣ ಬದುವಿನ ಮೇಲೆ ನಡೆದುಕೊಂಡು ಬಂದ. ತಲೆ ಬೋಳಿಸಿದ್ದ. ನನ್ನನ್ನು ನೋಡಿ ನಿಂತ. ಆಮೇಲೆ ಕೂತು, ಹರಿದ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದ. ಅಷ್ಟರಲ್ಲಿ ಕುರಿ ಕಾಯುವ ಅಮೋಗಿ ಅತ್ತ ಬಂದ.

"ಮಾಪಣ್ಣ, ಕೂಸ ಹೆಂಗದ?"

"ಅರಾಮದ. ಅವ್ವ ಮ್ಯಾಲ ಕವಚಿ ಬಿದ್ದಿದ್ಳು. ಕೂಸಿಗಿ ಏನೂ ಆಗಿಲ್ಲ."

"ಮುದಕಿ ದೊಡ್ಡಾಕಿ ಬಿಡು."

ಮಾಪಣ್ಣ ಇನ್ನೊಂದು ತೂತಿಗೆ ಬೆರಳಿಟ್ಟ.

"ಊರಾಗ ನೂರು ಮಾತಾಡ್ತಾರ" ಎಂದ ಅಮೋಗಿ. "ಸಾಬಮ್ಮ ಕಲ್ಲ ತಗದದ್ದಕ್ಕ ತಗಡ ಹಾರ್ತು ಅಂತಾರ. ಕೆಲವ್ರು, ಆಕಿ ತಗದದ್ದಕ್ಕೇ ಕೂಸ ಉಳೀತು, ಇಲ್ಲಂದ್ರ ಅವ ಎರಡೂ ಕೂಸಿನ ಮ್ಯಾಲೇ ಬೀಳ್ತಿದ್ವು ಅಂತಾರ."

"ಆಕಿ ಹುಕ್ಕ ಹಾಕಸು ಅಂದಿದ್ಳು" ಎಂದ ಮಾಪಣ್ಣ. "ಅದನ್ಯಾರೂ ಮಾತಾಡಲ್ಲ."

ಅಮೋಗಿ ಕೇಳಿದ, "ಇದು ನಿಮ್ಮದೇ ತಗಡ ಏನು?"

ಮಾಪಣ್ಣ ನನ್ನನ್ನು ನೋಡಿದ. ಒಂಬತ್ತು ವರ್ಷ ನಾನು ಅವನ ತಲೆಯ ಮೇಲಿದ್ದೆ.

"ನಮ್ಮದಲ್ಲ" ಎಂದು ಎದ್ದು ಹೋದ.

ಬೈದಿದ್ದರೆ, ಕಲ್ಲೆತ್ತಿ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಮೋಗಿ ನನ್ನನ್ನು ತಲೆಯ ಮೇಲೆ ಹೊತ್ತು ತನ್ನ ಕುರಿದೊಡ್ಡಿಗೆ ಒಯ್ದ. ನೆಲದಲ್ಲಿ ಹೂತ ನಾಲ್ಕು ಕಲ್ಲುಕಂಬ, ಅವಕ್ಕೆ ಬಿಗಿದ ಪೈಪು, ಅದರ ಮೇಲೆ ನಾನು. ಕೆಳಗೆ ಮರಿಗಳು. ನನ್ನ ಮೇಲೆ ಅವನೂ ಒಂದು ಕಲ್ಲು ಇಟ್ಟ. ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಪ್ರತಿ ಬೇಸಿಗೆಯ ಸಂಜೆ ಪಡುವಣ ಕೆಂಪಾದರೆ ನಾನು ಮರಿಗಳನ್ನು ಎಣಿಸುತ್ತಿದ್ದೆ. ಒಂದು ವರ್ಷ ಮಾಘದಲ್ಲಿ ಮಳೆ ಹೊಯ್ದಿತು, ಇನ್ನೊಂದು ವರ್ಷ ಶ್ರಾವಣದಲ್ಲಿ ಬಿಸಿಲು ಕಾಯಿತು. ಹೀಗೆ ಆರು ವರ್ಷ.

ಮೊನ್ನೆ ಯುಗಾದಿಯ ನಂತರ ಸಾಬಮ್ಮ ದೊಡ್ಡಿಗೆ ಬಂದಳು. ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಲು ಮಾತಾಡಬೇಕಿತ್ತು. ಜೊತೆಗೆ ಭಾಗಮ್ಮ, ಎರಡು ಜಡೆ, ಮುಂದಿನ ಹಲ್ಲು ಬಿದ್ದಿದೆ. ಹುಡುಗಿ ಮರಿ ಎತ್ತಿಕೊಳ್ಳಲು ನನ್ನ ಕೆಳಗೆ ಓಡಿಬಂದಳು. ನನ್ನ ತೂತುಗಳಲ್ಲಿ ಹರಿಯದೆ ಉಳಿದಿದ್ದ ಎರಡು ತೂತಿನಿಂದ ಬಿಸಿಲು ಇಳಿದು ಅವಳ ಅಂಗಿಯ ಮೇಲೆ ಬಿತ್ತು. ಹುಡುಗಿ ಅದನ್ನು ಒರೆಸಲು ನೋಡಿ, ಹೋಗದಿದ್ದಾಗ ನಕ್ಕಳು.

ಸಾಬಮ್ಮ ಆ ಬಿಲ್ಲೆಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಗುರುತು ಹಿಡಿದಳು.

"ಭಾಗಿ, ಈಕಡಿ ಬಾ" ಎಂದಳು. ಹುಡುಗಿ ಹೊರಗೆ ಬಂದ ಮೇಲೆ ಅಮೋಗಿಗೆ ಹೇಳಿದಳು, "ಅಣ್ಣಾ, ಈ ಕಲ್ಲ ತಗದು ಹುಕ್ಕ ಹಾಕು."

"ಹಾಕ್ತೀನಿ ಬಿಡಬೇ ತಂಗಿ. ನಾಳಿ ಪ್ಯಾಟಿಗಿ ಹೋಗಾಂವ ಇದೀನಿ."

ಸಾಬಮ್ಮ ದೊಡ್ಡಿಯ ಬಾಗಿಲ ಕಲ್ಲಿನ ಮೇಲೆ ಕೂತಳು. ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡಳು.

"ಇವತ್ತೇ ಹೋಗು. ನಾ ಇಲ್ಲೇ ಕೂತಿರ್ತೀನಿ."

"ಈ ಬಿಸಲಾಗ?"

"ಈ ಬಿಸಲಾಗೇ."

ಅಮೋಗಿ ಅವಳ ಮುಖ ನೋಡಿದ. ಗೊಣಗುತ್ತ ಸೈಕಲ್ ಹತ್ತಿದ. ಅವನು ಬರುವವರೆಗೆ ಸಾಬಮ್ಮ ಎದ್ದೇಳಲಿಲ್ಲ, ನೀರು ಕೇಳಲಿಲ್ಲ. ಎಂಟು ಹೊಸ ತೂತು ಹೊಡೆದಾಗ ನನ್ನ ಮುಪ್ಪಿನ ಮೈಯಿಂದ ತುಕ್ಕು ಉದುರಿತು. ನೋವಾಯಿತು, ಈ ಸಲ ಬೈಯಲಿಲ್ಲ. ಕೊನೆಯ ನಟ್ಟನ್ನು ಸಾಬಮ್ಮ ತಾನೇ ಹತ್ತಿ ಬಿಗಿದಳು. ಬಿಗಿದ ಮೇಲೂ ಒಂದು ಸುತ್ತು ತಿರುಗಿಸಿದಳು. ಇಳಿಸಿದ ಕಲ್ಲನ್ನು ದೊಡ್ಡಿಯ ಬೇಲಿಯ ಬುಡಕ್ಕೆ ಹಾಕಿಸಿದಳು.

ಹದಿನೈದು ದಿನಕ್ಕೆ ಗಾಳಿ ಬಂತು. ದೂಳು, ಆಣಿಕಲ್ಲು, ಎಲ್ಲ ಹಳೆಯ ಪರಿಚಯದವರೇ. ನನ್ನ ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಿದವು. ಕೆಳಗೆ ಹನ್ನೊಂದು ಮರಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಎಂಟು ಹುಕ್ಕುಗಳು ನನ್ನನ್ನು ಹಿಡಿದುಕೊಂಡವು, ನಾನು ಅವನ್ನು ಹಿಡಿದುಕೊಂಡೆ. ಬೇಸಿಗೆ ಇನ್ನೂ ಮುಗಿದಿಲ್ಲ. ನನ್ನ ಒಂದು ಅಂಚು ತುಕ್ಕಿಗೆ ಪುಡಿಯಾಗಿದೆ, ಇನ್ನೆರಡು ಮಳೆಗಾಲ ಕಂಡರೆ ಹೆಚ್ಚು. ಅಷ್ಟರವರೆಗೆ ಹಾರುವುದಿಲ್ಲ. ದ್ಯಾವಮ್ಮ ಕೈ ಬಿಡಲಿಲ್ಲವಲ್ಲ.