ಅಮ್ಮನ ಹಲಗೆಗೆ ಅಡ್ಡಗೆರೆ

ಅಚ್ಚಿನ ಹಲಗೆಯ ಮೇಲಿಂದ ಮತ್ತೊಂದು ಹಾಳೆ ಎತ್ತಿದರು, ಮತ್ತೆ ಅಮ್ಮನ ಕಣ್ಣು ಮುಚ್ಚಿದೆ, ರೆಪ್ಪೆ ರೆಪ್ಪೆಯ ನಡುವೆ ಅಕ್ಕ ಉಸಿರು ಬಿಗಿಹಿಡಿದು ಕೆತ್ತಿದ್ದ ಸಂದುಗಳಿಗೆಲ್ಲ ಮಸಿ ತುಂಬಿ ಕಣ್ಣಿದ್ದ ಜಾಗದಲ್ಲಿ ಒಂದು ಕರೀ ಮುದ್ದೆ, ಅದನ್ನೇ ಎತ್ತಿ ಹಿಡಿದು ಸಾಲಲ್ಲಿ ನಿಂತ ಹೆಂಗಸು ಆಹಾ ಎನ್ನುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಸುತ್ತಲಿನ ಊರುಗಳ ಅಚ್ಚುಚಿತ್ರದವರೆಲ್ಲ ಸೇರಿದ ಮೇಳವಂತೆ, ಗೋಡೆ ತುಂಬ ಚಿತ್ರ, ನಡುವೆ ಪ್ರೆಸ್ಸು, ಅದರ ಮೇಲೊಂದು ಬ್ಯಾನರು — ನೀವೇ ಅಚ್ಚು ಹಾಕಿ, ಮನೆಗೆ ಒಯ್ಯಿರಿ. ಒಯ್ಯಿರಿ! ಯಾರಪ್ಪನ ಮನೆ ಗಂಟು ಇದು? ತಂಗಿಗೆ ಅಂಗಾಲಿನ ಉರಿ ನೆತ್ತಿಗೇರಿತು, ಮೂಲೆಯಲ್ಲಿ ತೂಗುಹಾಕಿದ್ದ ತನ್ನ ಚಿತ್ರ ನೋಡಿಹೋಗೋಣವೆಂದು ಬಂದವಳು, ಇಲ್ಲಿ ನೋಡಿದರೆ ಅಕ್ಕನ ಹಲಗೆ, ಅಂಗಿಯ ತೋಳು ಮಡಿಸಿಕೊಂಡು ರೋಲರ್ ಉರುಳಿಸುತ್ತಿರುವ ಭಾವ, ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ಮಸಿ ಮೆತ್ತುತ್ತಿದ್ದಾರೆ ಮಹಾನುಭಾವರು. ಈಗ ಬಂದ್ಯೇನಮ್ಮಾ, ನೋಡು, ಎಷ್ಟು ಜನ ಮುಗಿಬಿದ್ದಿದಾರೆ, ನಿಮ್ಮಕ್ಕ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಲು. ಖುಷಿಯೇ? ಅವಳ ಜೊತೆ ಸಂಸಾರ ಮಾಡಿದವರು ನೀವೇ ತಾನೆ ಭಾವ, ಅವಳ ಕಟ್ಟುನಿಟ್ಟು ಗೊತ್ತಿಲ್ಲವೇ, ಒಂದು ಹಲಗೆಯಿಂದ ಮೊದಲೇ ಹೇಳಿದಷ್ಟೇ ಹಾಳೆ, ಆಮೇಲೆ ಉಳಿ ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಒಂದು ಅಡ್ಡಗೆರೆ, ಇನ್ನು ಯಾರೂ ಆ ಹಲಗೆಯಿಂದ ಅಚ್ಚು ತೆಗೆಯುವಂತಿಲ್ಲ, ಗೆರೆ ಬಿದ್ದದ್ದಕ್ಕೆ ಸಾಕ್ಷಿಯಾಗಿ ಕೊನೆಯದೊಂದು ಹಾಳೆ, ಮುಗಿಯಿತು. ಕೊಟ್ಟ ಮಾತಿಗೆ ಹಲಗೇನೂ ಬಾಯಿ ಮುಚ್ಕೋಬೇಕು ಕಣೇ, ಎನ್ನುತ್ತಿದ್ದಳು, ನಗುನಗುತ್ತಲೇ ಗೀರುತ್ತಿದ್ದಳು, ತಂಗಿ ಮುಖ ತಿರುಗಿಸಿಕೊಂಡರೆ ಹೆದರುಪುಕ್ಕಲಿ ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಅಮ್ಮನ ಮುಖದ ಹಲಗೆಗೆ ಮಾತ್ರ — ಹಾಳೆಗಳನ್ನೆಲ್ಲ ಹಗ್ಗಕ್ಕೆ ಒಣಹಾಕಿ, ಉಳಿ ಎತ್ತಿ, ಮತ್ತೆ ಕೆಳಗಿಟ್ಟು — ನಾಳೆ ಹಾಕ್ತೀನಿ ಬಿಡೇ, ಇವತ್ತು ಕೈ ಬರಲ್ಲ. ಆ ನಾಳೆ ಆಸ್ಪತ್ರೆಯ ಮಂಚ ಹತ್ತಿತು, ಅಲ್ಲಿಂದ ಇಳಿಯಲೇ ಇಲ್ಲ. ಎಂಥವಳೇ ನೀನು ಅಕ್ಕಾ, ಊರಿಗೆಲ್ಲ ಉಪದೇಶ ಹೇಳಿ ಇದೊಂದನ್ನು ನನ್ನ ತಲೆಗೆ ಕಟ್ಟಿ ಹೋದೆಯಲ್ಲ.

ಮತ್ತೊಂದು ಹಾಳೆ, ಮತ್ತೆ ಕರೀ ಮುದ್ದೆ. ನಿಲ್ಲಿಸಿ ಎಂದಳು, ಕೂಗಿಯೇ ಎಂದಳು. ಮೇಳ ನಡೆಸುವ ಸಂಘದ ಅಧ್ಯಕ್ಷೆ ಓಡಿಬಂದರು, ಕೊರಳಲ್ಲಿ ಬಿಲ್ಲೆ, ಬಾಯಲ್ಲಿ ಸಕ್ಕರೆ — ಕಲೆ ಎಲ್ರಿಗೂ ಸೇರಿದ್ದು ನೋಡಿ, ಇಷ್ಟು ಜನರ ಮುಂದೆ ರಂಪ ಯಾಕೆ? ಎಲ್ಲರಿಗೂ ಸೇರಿದ್ದಾದರೆ ನಿಮ್ಮಮ್ಮನ ಮುಖ ತನ್ನಿ, ಅದಕ್ಕೆ ಮಸಿ ಬಳಿಯೋಣ! ಭಾವನ ಕೈಯ ರೋಲರ್ ನಿಂತಿತು. ಮನೇಲಿ ಬಟ್ಟೆ ಸುತ್ತಿ ಬೀರುವಲ್ಲಿಟ್ಟಿದ್ದೆ ಕಣಮ್ಮಾ, ಒಬ್ಬನೇ ತೆಗೆದು ತೆಗೆದು ನೋಡೋದು, ಸಾಕಾಗಿತ್ತು, ನಾಲ್ಕು ಜನದ ಮಧ್ಯೆ ಇರ್ಲಿ ಅಂತ ತಂದೆ. ಇರಬಹುದು, ಪಾಪ ಅನ್ನಿಸಿತು ಕೂಡ, ಆದರೆ ಪಾಪ ಅನ್ನುತ್ತ ಕೂತರೆ ಸಂಜೆಯ ಹೊತ್ತಿಗೆ ಅಮ್ಮ ಪೂರಾ ಕುರುಡಿಯಾಗುತ್ತಾಳೆ, ಬಟ್ಟೆಗೆ ಸೀಮೆಎಣ್ಣೆ ಸುರಿದು ಹಲಗೆ ಒರೆಸಿದಳು, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ರೆಪ್ಪೆಯ ಸಂದುಸಂದನ್ನೂ ತಿಕ್ಕಿದಳು, ಅಮ್ಮನಿಗೆ ಜ್ವರ ಬಂದಾಗ ಮುಖ ಒರೆಸಿದ್ದೂ ಹೀಗೇ, ಸಾಕು ಬಿಡೇ ಚರ್ಮ ಸುಲಿದುಹೋಗುತ್ತೆ ಎಂದಿದ್ದಳು ಅಮ್ಮ — ಉಳಿ ಎತ್ತಿಕೊಂಡಳು. ಬೇಡ ಕಣಮ್ಮಾ, ಅದು ಅತ್ತೆ ಮುಖ! ಅತ್ತೆಯ ಮುಖ ಅಂತ ಈಗ ಜ್ಞಾಪಕಕ್ಕೆ ಬಂತೇ. ಹೆದರುಪುಕ್ಕಲಿ ಎಂದು ಮೊಣಕೈಯಲ್ಲಿ ತಿವಿಯುವವರಿಲ್ಲ ಈಗ, ಹಲ್ಲು ಕಚ್ಚಿ ಒತ್ತಿದಳು, ಹಣೆಯಿಂದ ಗದ್ದದವರೆಗೆ, ಕರ್ರನೆ ಸದ್ದು, ಸುರುಳಿಯಾಗಿ ಎದ್ದ ಸಿಪ್ಪೆ.

ಇನ್ನು ಸಾಕ್ಷಿಯ ಹಾಳೆ. ರೋಲರ್ ತಾನೇ ಹಿಡಿದಳು, ಅಕ್ಕ ಕಲಿಸಿದ ಹಾಗೆ ತೆಳ್ಳಗೆ, ಮಸಿ ಸವರಿಯೂ ಸವರದ ಹಾಗೆ, ಹಾಳೆ ಹಾಸಿ, ಚಕ್ರ ತಿರುಗಿಸಿ, ಎತ್ತಿದಳು — ರೆಪ್ಪೆ ಒಂದೊಂದೂ ಬಿಡಿಬಿಡಿ, ಬೆಳಗಿನಿಂದ ಈ ಕೋಣೆಯಲ್ಲಿ ಯಾರೂ ನೋಡದ ಕಣ್ಣು, ಅಗಲವಾಗಿ ತೆರೆದಿದೆ, ಅವಳನ್ನೇ ನೋಡುತ್ತಿದೆ, ಮುಖದ ಮೇಲೆ ಬೆಳ್ಳಗೆ ಆ ಗೆರೆ, ಅಮ್ಮನ ಕಣ್ಣು, ಆ ಗೆರೆ, ಅಮ್ಮನ ಕಣ್ಣು.