ಕವಡೆ ಇಲ್ಲದ ಪ್ರಶ್ನೆ

ಅರವತ್ತೆರಡನೇ ವಯಸ್ಸಿನಲ್ಲಿ ನನ್ನ ತಲೆ ಸರಿಯಿಲ್ಲ ಎಂದು ತೀರ್ಮಾನ ಕೊಟ್ಟವನು ನನ್ನ ಮಗ ರಿತೇಶ್. ಹತ್ತು ವರ್ಷ ಆಗುವವರೆಗೂ ಬೂಟಿನ ಲೇಸನ್ನು ತಾಯಿಯ ಕೈಯಲ್ಲಿ ಕಟ್ಟಿಸಿಕೊಂಡ ಮಹಾನುಭಾವ ಇವನು.

ನಡೆದದ್ದು ಇಷ್ಟೇ. ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ-ಆಫೀಸುಗಳ ಬಡಾವಣೆಯಲ್ಲಿ ನಮ್ಮದೊಂದು ಹೋಟೆಲ್ ಇದೆ. ಮೂವತ್ತು ವರ್ಷದಿಂದ ಅದರ ಯಜಮಾನ ನಾನು, ದೇವದಾಸ್. ಇಪ್ಪತ್ತೆರಡು ವರ್ಷದಿಂದ ದೋಸೆ ತವಾದ ಮುಂದೆ ನಿಲ್ಲುವವನು ಅಂಗಾರ. ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಆಫೀಸಿನವರು ಮುಗಿಬಿದ್ದಿದ್ದ ಹೊತ್ತಿನಲ್ಲಿ, ಅವನು ಒಂದು ದೋಸೆ ಕರಟಿಸಿದ. ನಾನು ಸಾಂಬಾರಿನ ಪಾತ್ರೆಯ ಪಕ್ಕ ನಿಂತಿದ್ದೆ. ಸಿಟ್ಟು ಬಂತು. ಕೈಯಲ್ಲಿದ್ದ ಸೌಟನ್ನು ಹಾಗೆಯೇ ಎಸೆದೆ. ಬಿಸಿ ಸಾಂಬಾರು ಅವನ ಕುತ್ತಿಗೆಯ ಹಿಂದೆ ಬಿತ್ತು.

ಅಂಗಾರ ತಿರುಗಿಯೂ ನೋಡಲಿಲ್ಲ. ತವಾದ ಮೇಲಿದ್ದ ಎರಡು ದೋಸೆಗಳನ್ನು ಎತ್ತಿ ತಟ್ಟೆಗೆ ಹಾಕಿದ, ಗ್ಯಾಸ್ ಆರಿಸಿದ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಟಿಟ್ವಾಳಾದ ತನ್ನ ಮನೆಗೆ ಲೋಕಲ್ ರೈಲು ಹತ್ತಿದ. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

“ಪಪ್ಪಾ, ಬಸ್ ಹೋ ಗಯಾ,” ಎಂದ ರಿತೇಶ್. “ಕೌನ್ಸೆಲರ್ ಕೇ ಪಾಸ್ ಜಾವ್. ತಬ್ ತಕ್ ಹೋಟೆಲ್ ಮತ್ ಆನಾ.”

ಸಾಕಾಯಿತಂತೆ, ಕೌನ್ಸೆಲರನ್ನು ಕಾಣುವವರೆಗೆ ನಾನು ಕಟ್ಟಿದ ಹೋಟೆಲಿಗೆ ನಾನು ಕಾಲಿಡಬಾರದಂತೆ! ತವಾಕ್ಕೆ ಡೊಂಬಿವಲಿಯಿಂದ ಒಬ್ಬ ಹೊಸಬನನ್ನು ತಂದು ನಿಲ್ಲಿಸಿದ್ದ. ಅವನು ಹಾಕಿದ ದೋಸೆ ನೋಡಿದರೆ ಕೌನ್ಸೆಲಿಂಗ್ ಬೇಕಾದದ್ದು ದೋಸೆಗೆ. ನನಗೆ ಬೇಕಾದದ್ದು ಒಂದೇ, ಅಂಗಾರ ವಾಪಸ್ ಬಂದು ತವಾದ ಮುಂದೆ ನಿಲ್ಲಬೇಕು. ಅದಕ್ಕೆ ಈ ನಾಟಕವೂ ಆಗಲಿ ಎಂದು ಒಪ್ಪಿದೆ.

ಕೌನ್ಸೆಲರ್ ಎಂದರೆ ಏನು ಎಂದು ನನ್ನ ಅಕ್ಕ ವಾರಿಜಾ ಕೇಳಿದಳು. ಪ್ರಶ್ನೆ ಇಟ್ಟ ಹಾಗೆ ಎಂದೆ. ನಮ್ಮ ಉಡುಪಿ ಕಡೆ ಮನೆಯಲ್ಲಿ ಏನಾದರೂ ಕೆಟ್ಟರೆ ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡುತ್ತೇವೆ. ಅದಕ್ಕೆ ಕ್ರಮ ಉಂಟು. ಒಬ್ಬನೇ ಹೋಗಬಾರದು, ಮನೆಯವರು ಜೊತೆಗಿರಬೇಕು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಒಯ್ಯಬೇಕು. ಮುಖ್ಯವಾಗಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಜೋಯಿಸರು ಕವಡೆ ಮಗುಚಿ, ನಾಗನ ಮುನಿಸೋ, ಯಾರೋ ಅಜ್ಜ ಬಿಟ್ಟುಹೋದ ಹರಕೆಯೋ, ಎಲ್ಲವನ್ನೂ ತಾವೇ ಕಂಡುಹಿಡಿದು ಹೇಳಬೇಕು. ಮೊದಲೇ ಬಾಯಿಬಿಡುವವನು ದಡ್ಡ.

ಹಾಗಾಗಿ ಆ ಗುರುವಾರ ವರ್ತಕ ನಗರದ ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಾಳಿಗೆಗೆ ಮೂರು ಜನ ಹತ್ತಿದೆವು. ನಾನು, ಅಕ್ಕ, ತೆಂಗಿನಕಾಯಿ ಚೀಲ ಹಿಡಿದ ಭಾವ.

ಕೌನ್ಸೆಲರ್ ಮೈಸೂರಿನ ಹುಡುಗಿ, ಸಂಯುಕ್ತಾ. ಮೂವತ್ತೈದು ದಾಟಿರಲಿಕ್ಕಿಲ್ಲ. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ, ಮೂಗು ಒರೆಸುವ ಕಾಗದದ ಡಬ್ಬಿ. ಗಿರಾಕಿ ಅಳುತ್ತಾನೆ ಎಂದು ಮೊದಲೇ ಲೆಕ್ಕ ಹಾಕಿ ಇಟ್ಟದ್ದು. ಅಕ್ಕನನ್ನೂ ಭಾವನನ್ನೂ ಹುಡುಗಿ ಹೊರಗೆ ಬೆಂಚಿನ ಮೇಲೆ ಕೂರಿಸಿದಳು. ತೆಂಗಿನಕಾಯಿಯನ್ನು ಮುಟ್ಟಲಿಲ್ಲ.

ಮೂರು ಪುಟದ ಫಾರ್ಮ್ ಕೊಟ್ಟಳು. ‘ಇಲ್ಲಿಗೆ ಬರಲು ಕಾರಣ’ ಎಂದಲ್ಲಿ ‘ಮಗ’ ಎಂದು ಬರೆದೆ.

“ನೀವು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಸರ್. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಮನೆಯವರಿಗೆ ತಿಳಿಸ್ತೀನಿ. ವಾರಕ್ಕೊಂದು ಸಲ, ಐವತ್ತು ನಿಮಿಷ.”

“ಗಂಟೆಯಲ್ಲಿ ಹತ್ತು ನಿಮಿಷ ಕಡಿತವಾ? ನಾನು ಹಾಗೆ ಅಂಚು ಕತ್ತರಿಸಿ ದೋಸೆ ಕೊಟ್ಟರೆ ಗಿರಾಕಿ ಸುಮ್ಮನೆ ಇರ್ತಾನಾ?”

ಅವಳು ನಕ್ಕಳು. ಪೆನ್ನು ತೆಗೆದಳು. “ಹೇಳಿ ಸರ್.”

“ನೀವೇ ಹೇಳಿ.”

“ನನಗೆ ಏನೂ ಗೊತ್ತಿಲ್ವಲ್ಲ ಸರ್. ನೀವು ಹೇಳಿದ್ರೆ ತಾನೇ?”

“ಎಲ್ಲ ನಾನೇ ಹೇಳುದಾದ್ರೆ ನೀವು ಯಾಕೆ?”

ನಾನು ಕೈ ಕಟ್ಟಿ ಕೂತೆ. ಅವಳೂ ಕೂತಳು. ಸುಮ್ಮನೆ ಕೂರುವುದಕ್ಕೂ ಕಾಲೇಜಿನಲ್ಲಿ ಪಾಠ ಮಾಡುತ್ತಾರೋ ಏನೋ, ಒಂದು ಸಲ ಆಕಳಿಸಲೂ ಇಲ್ಲ. ಐವತ್ತು ನಿಮಿಷ ಮುಗಿದ ಮೇಲೆ ಎದ್ದು, “ಪರಿಹಾರ ಏನು?” ಎಂದು ಕೇಳಿದೆ. ಜೋಯಿಸರಾದರೆ ಕೊನೆಗೆ ಒಂದು ಶಾಂತಿಯನ್ನಾದರೂ ಹೇಳುತ್ತಾರೆ. ಇವಳು, “ಮುಂದಿನ ಗುರುವಾರ ನಾಲ್ಕು ಗಂಟೆಗೆ ಬನ್ನಿ ಸರ್,” ಎಂದಳು.

“ಏನು ದೋಷ ಅಂತೆ?” ಹೊರಗೆ ಅಕ್ಕ ಕಾದಿದ್ದಳು.

“ಗಡಿಯಾರದ್ದು,” ಎಂದೆ.

ಎರಡನೇ ಗುರುವಾರ ಅವಳ ಮೇಲೆ ಕನಿಕರ ಬಂದು ದೋಸೆಯ ವಿಷಯ ಹೇಳಿದೆ. ತವಾದ ಮುಂದೆ ಇಪ್ಪತ್ತೆರಡು ವರ್ಷ ನಿಂತವನು ದೋಸೆ ಕರಟಿಸಿದರೆ ಯಾವ ಯಜಮಾನ ಸಹಿಸುತ್ತಾನೆ ಎಂದು ಸಾಕ್ಷಿ ಸಮೇತ ವಿವರಿಸಿದೆ. ಅವಳು ತಲೆಯಾಡಿಸುತ್ತಾ ಬರೆದುಕೊಂಡಳು. ಇಷ್ಟಕ್ಕೆ ಇವಳಿಗೆ ಡಿಗ್ರಿ! ನಮ್ಮ ಹೋಟೆಲಿನ ವೇಟರು ಕೂಡ ತಲೆಯಾಡಿಸಿ ಬರೆದುಕೊಳ್ಳುತ್ತಾನೆ, ಆಮೇಲೆ ತಿಂಡಿಯಾದರೂ ತಂದಿಡುತ್ತಾನೆ.

ಮೂರನೇ ಗುರುವಾರ ಅವಳು ಒಂದೇ ಒಂದು ಮಾತು ಕೇಳಿದಳು.

“ಆವತ್ತು ಬೆಳಿಗ್ಗೆ ಅಂಗಾರ ಅವರು ಏನಾದ್ರೂ ಮಾತಾಡಿದ್ರಾ ಸರ್?”

“ಅವನು ಕೆಲಸ ಬಿಡ್ತೇನೆ ಅಂದದ್ದಕ್ಕೂ ನಾನು ಸೌಟು ಎಸೆದದ್ದಕ್ಕೂ ಸಂಬಂಧ ಇಲ್ಲ!” ಎಂದು ಕೂಗಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಥ ಕಳ್ಳರನ್ನು ಕಂಡು ಜೀವನಪೂರ್ತಿ ನಕ್ಕವನು ನಾನು. ಈಗ ನನ್ನ ಕೈ ನನ್ನ ಹೆಗಲ ಮೇಲೇ ಇತ್ತು. ಹುಡುಗಿ ನಗಲಿಲ್ಲ, ಪೆನ್ನು ಕೆಳಗಿಟ್ಟಳು.

ಆವತ್ತು ದೋಸೆ ಕರಟಿರಲಿಲ್ಲ. ಮಗನಿಗೆ, ಅಕ್ಕನಿಗೆ, ಇವಳಿಗೆ, ಇಷ್ಟು ಹೊತ್ತು ನಿಮಗೂ ನಾನು ಸುಳ್ಳು ಹೇಳಿದ್ದು. ಅಂಗಾರ ಹಿಟ್ಟು ಹರಡುತ್ತಾ, ಈರುಳ್ಳಿ ಮುಗಿಯಿತು ಎನ್ನುವ ಧ್ವನಿಯಲ್ಲಿ, “ದೀಪಾವಳಿ ಆದ ಮೇಲೆ ನಾನು ಬಿಡ್ತೇನೆ ಅಣ್ಣಾ. ಮೊಣಗಂಟು ಕೇಳುದಿಲ್ಲ,” ಎಂದಿದ್ದ. ನನಗೆ ಹೆದರಿಕೆಯಾಯಿತು. ಹೆಂಡತಿ ಮಕ್ಕಳ ಮುಖ ನೋಡಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನಾನು ತವಾದ ಮುಂದೆ ನಿಂತ ಅವನ ಬೆನ್ನಿನೊಡನೆ ಆಡಿದ್ದೇನೆ. ಆ ಜಾಗ ಖಾಲಿಯಾದರೆ ಹೋಟೆಲಿನಲ್ಲಿ ನನಗೇನು ಕೆಲಸ? ಆದರೆ ಯಜಮಾನನಿಗೆ ಹೆದರಿಕೆ ಎಂದು ಹೇಳಿಕೊಳ್ಳುವುದು ಹೇಗೆ? ಸೌಟು ಎಸೆದೆ. ಗೌರವದಿಂದ ಕಳಿಸಿಕೊಡಬೇಕಾದವನನ್ನು ಸುಟ್ಟು ಕಳಿಸಿದೆ.

ಇಷ್ಟನ್ನು ಹೇಳಿ ಮುಗಿಸುವಾಗ ಆ ಡಬ್ಬಿಯಿಂದ ಎರಡು ಕಾಗದ ತೆಗೆದಿದ್ದೆ. ನಾಚಿಕೆಗೇಡು.

“ಈಗಲಾದರೂ ಪರಿಹಾರ ಹೇಳಿ,” ಎಂದೆ.

“ನನಗೆ ಹೇಳಿದ್ರಿ ಸರ್. ಅವರಿಗೆ ಹೇಳಿದ್ದೀರಾ?”

ಭಾನುವಾರ ಟಿಟ್ವಾಳಾಕ್ಕೆ ಹೋದೆ. ಅಕ್ಕ ಬರುತ್ತೇನೆ ಎಂದಳು, ಬೇಡ ಎಂದೆ. ಅಂಗಾರನೇ ಬಾಗಿಲು ತೆರೆದ. ಕುರ್ಚಿ ಹಾಕಿದ, ನೀರು ಕೊಟ್ಟ. ನೀರು ತರಲು ತಿರುಗಿದಾಗ ಕುತ್ತಿಗೆಯ ಹಿಂದೆ ಅಂಗೈಯಗಲದ ಕಲೆ ಕಂಡಿತು. ಆಮೇಲೆ ಎದುರು ಕೂತ. ಅವನೂ ಕೇಳಲಿಲ್ಲ, ಹೇಳಲಿಲ್ಲ. ಎಲ್ಲ ನಾನೇ ಹೇಳಬೇಕಾಯಿತು. ದೋಸೆ ಕರಟಿರಲಿಲ್ಲ ಎಂದೆ. ನೀನು ಹೋಗುತ್ತೀ ಎಂದು ಹೆದರಿದೆ ಎಂದೆ. ತಪ್ಪು ನನ್ನದು ಎಂದೆ. ಈ ಮೂರೂ ಮಾತು ನನ್ನ ಬಾಯಿಂದ ಅದೇ ಮೊದಲು ಅವನು ಕೇಳಿದ್ದು.

“ದೀಪಾವಳಿವರೆಗೆ ಸಾಕು, ಬಾ. ಎಲ್ಲರ ಎದುರು ಶಾಲು ಹೊದಿಸಿ ಕಳಿಸಿಕೊಡ್ತೇನೆ. ಮೊಣಗಂಟಿಗೆ ಸ್ಟೂಲ್ ಹಾಕಿಸ್ತೇನೆ.”

“ಮೊಣಗಂಟು ಬಿಡಿ ಅಣ್ಣಾ, ಅದಕ್ಕೆ ಮುಲಾಮು ಉಂಟು,” ಎಂದ ಅಂಗಾರ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. “ತವಾದ ಎದುರು ನಿಂತ್ರೆ ನನ್ನ ಬೆನ್ನು ನಿಮ್ಮ ಕಡೆಗೇ ಅಲ್ವಾ? ಇಪ್ಪತ್ತೆರಡು ವರ್ಷ ಹಾಗೆ ನಿಂತೆ. ಹಿಂದೆ ಯಾರು ಅಂತ ಒಂದು ದಿನ ನೋಡ್ಲಿಲ್ಲ, ನೀವು ಇದ್ರಿ. ಈಗ ಮನೆಯಲ್ಲಿ ಚಾ ಮಾಡ್ಲಿಕ್ಕೆ ನಿಂತ್ರೂ ತಿರುಗಿ ನೋಡ್ತೇನೆ. ಅಲ್ಲಿ ಬಂದು ಹೇಗೆ ನಿಲ್ಲುದು?”

ನಾನು ಹೊರಡಲು ಅರ್ಧ ಎದ್ದೆ.

“ಕೂತ್ಕೊಳ್ಳಿ, ಚಾ ಕುಡಿದೇ ಹೋಗ್ಬೇಕು,” ಎಂದು ಅವನು ಎದ್ದು ಗ್ಯಾಸ್ ಹಚ್ಚಿದ. ಅಡುಗೆಯ ಕಟ್ಟೆ ನನ್ನ ಕುರ್ಚಿಯ ಎದುರಿಗೇ ಇತ್ತು, ಅವನ ಬೆನ್ನು ನನ್ನ ಕಡೆಗೆ. ನಾನು ಮೆಲ್ಲಗೆ ಎದ್ದು ಬೆನ್ನ ಹಿಂದಿನಿಂದ ದೂರ ಸರಿದು, ಅವನ ಓರೆಗಣ್ಣಿಗೆ ಕಾಣುವ ಹಾಗೆ ಪಕ್ಕದ ಬಾಗಿಲ ಬಳಿ ನಿಂತೆ. ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡೆ.

ಹಾಲು ಉಕ್ಕುವುದರೊಳಗೆ ಅವನು ಎರಡು ಸಲ ತಿರುಗಿ ನೋಡಿದ.